ಪ್ರತಿ ಯೋಜನೆಗೂ ಬೇರೆ ಫೈಲು, ಕಾಡು ಮಾತ್ರ ಒಂದೇ. ಕೂಡಿಸಿ ನೋಡುವವರು ಯಾರು?

ಪೋಡಿನವನು

ಎಲ್ಲರಿಗೂ ನಮಸ್ಕಾರ. ನಾನು ಬಿಳಿಗಿರಿರಂಗನ ಬೆಟ್ಟದ ಸೋಲಿಗ. ಕೆಲಸ ಮೈಸೂರಿನಲ್ಲಿ, ತಿಂಗಳಿಗೊಮ್ಮೆ ಪೋಡಿಗೆ, ಅಂದರೆ ಕಾಡಿನ ನಮ್ಮ ಊರಿಗೆ, ಹೋಗಿ ಬರುತ್ತೇನೆ. ಹೋದ ವಾರ ನಮ್ಮಲ್ಲಿ ಒಂದು ಸಭೆ ಇತ್ತು, ರಸ್ತೆ ಅಗಲ ಮಾಡುವ ವಿಚಾರ. ಬಂದಿದ್ದ ಅಧಿಕಾರಿ ಒಳ್ಳೆಯವರೇ. ಸಮಾಧಾನವಾಗಿಯೇ ಹೇಳಿದರು: "ಇದರಿಂದ ಏನೂ ಆಗಲ್ಲ, ಬರೀ ನಲವತ್ತು ಮರ ಅಷ್ಟೇ." ಹಿಂದೆ ಕೂತಿದ್ದ ನಮ್ಮ ತಾತ ಎದ್ದು ಕೇಳಿದರು: "ನಲವತ್ತು ಸರಿ ಸ್ವಾಮಿ. ಇದಕ್ಕೆ ಮುಂಚೆ ಹೋದವು ಎಷ್ಟು?" ಅವರು ಫೈಲು ತಿರುವಿ ನೋಡಿದರು. ಅದರಲ್ಲಿ ಆ ಲೆಕ್ಕಕ್ಕೆ ಒಂದು ಪುಟವೂ ಇರಲಿಲ್ಲ.

ಅವತ್ತಿನಿಂದ ನನಗೆ ಅದೇ ಯೋಚನೆ. ಬ್ರಿಟಿಷರ ಕಾಲದಲ್ಲಿ ಬೆಟ್ಟದ ಮೇಲೆ ಕಾಫಿ ತೋಟ ಬಂತು. ಆಮೇಲೆ ಮರ, ಬಿದಿರಿನ ಕಂಟ್ರಾಕ್ಟು. 1974ರಲ್ಲಿ ಅಭಯಾರಣ್ಯ ಆಯಿತು. ಜಾಗ ಬದಲಿಸುತ್ತಾ ರಾಗಿ ಬೆಳೆಯುವುದು ನಿಂತಿತು, ನೆಲದ ತರಗೆಲೆಗೆ ಬೆಂಕಿ ಹಾಕುವುದು ನಿಂತಿತು, ಕಾಡೊಳಗೆ ಅಲ್ಲೊಂದು ಇಲ್ಲೊಂದು ಇದ್ದ ಪೋಡುಗಳನ್ನು ತಂದು ಒಟ್ಟಿಗೆ ಕೂರಿಸಿದರು. 2006ರಲ್ಲಿ ನೆಲ್ಲಿಕಾಯಿ, ಜೇನು ಎಲ್ಲವನ್ನೂ ಮಾರಾಟಕ್ಕೆ ತರುವುದಕ್ಕೂ ತಡೆ ಬಿತ್ತು. 2011ರ ಜನವರಿಯಲ್ಲಿ ಹುಲಿ ಸಂರಕ್ಷಿತ ಪ್ರದೇಶ ಅಂತ ಘೋಷಣೆ. ಅತ್ತ ಚಾಮರಾಜನಗರದ ಕಡೆ ಕರಿಕಲ್ಲಿನ ಕ್ವಾರಿಗಳು, ಇತ್ತ ರೆಸಾರ್ಟು, ಸಫಾರಿ ಜೀಪು. ಒಂದೊಂದನ್ನೇ ತೆಗೆದುಕೊಂಡರೆ ಪ್ರತಿಯೊಂದಕ್ಕೂ ಒಂದು ಕಾರಣ ಇದೆ, ಕೆಲವು ಒಳ್ಳೆಯ ಕಾರಣಗಳೇ. ಆದರೆ ಇವೆಲ್ಲ ಬಂದು ಬಿದ್ದಿದ್ದು ಅದೇ ಜನದ ಮೇಲೆ, ಅದೇ ಬೆಟ್ಟದ ಮೇಲೆ.

ನಿಮ್ಮ ಕಡೆ ಹೇಗಿದೆ? ಯಾರಾದರೂ ಇದನ್ನು ಕೂಡಿಸಿ ಲೆಕ್ಕ ಹಾಕಿದ್ದು ನೋಡಿದ್ದೀರಾ?

ಹಳೇ ಇಂಜಿನಿಯರ್

ನಿಮ್ಮ ನೋವು ಅರ್ಥವಾಗುತ್ತದೆ ತಮ್ಮಾ. ಆದರೂ ಒಂದು ಮಾತು. ನಾನು ನೀರಾವರಿ ಕೆಲಸದಲ್ಲೇ ಮೂವತ್ತು ವರ್ಷ ಕಳೆದವನು. ನಾಲೆಯಲ್ಲಿ ಮೊದಲ ಸಲ ನೀರು ಬಿಟ್ಟ ದಿನ ರೈತರು ಪೂಜೆ ಮಾಡಿ ಅತ್ತಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಕರೆಂಟು ಬೇಡ, ರಸ್ತೆ ಬೇಡ ಅನ್ನಲಾಗುತ್ತದೆಯೇ? ಮಧ್ಯರಾತ್ರಿ ಬಸುರಿ ಹೆಂಗಸನ್ನು ಆಸ್ಪತ್ರೆಗೆ ಸಾಗಿಸಬೇಕಾದಾಗ ಅದೇ ರಸ್ತೆ ತಾನೇ ಬೇಕಾಗುವುದು. ಹಿಂದಿನದ್ದನ್ನೆಲ್ಲ ಕೂಡಿಸುತ್ತಾ ಕೂತರೆ ಒಂದು ಕೆಲಸವೂ ಮುಂದೆ ಹೋಗುವುದಿಲ್ಲ. ನಿಮ್ಮ ಬಾಯಿ ಮುಚ್ಚಿಸಲು ಹೇಳುತ್ತಿಲ್ಲ, ನಿಜವಾಗಿ ಕೇಳುತ್ತಿದ್ದೇನೆ.

ವರದಿ ಬರೆದವಳು

ಸಾರ್, ನಾನು ಆರು ವರ್ಷ ಪರಿಸರ ಪರಿಣಾಮದ ವರದಿ ತಯಾರಿಸುವ ಕಡೆ ಕೆಲಸ ಮಾಡಿದ್ದೇನೆ. ಅಲ್ಲಿ ಏನು ನಡೆಯುತ್ತದೆ ಅಂತ ಹೇಳುತ್ತೇನೆ, ಆಮೇಲೆ ನೀವೇ ಯೋಚಿಸಿ.

ಯೋಜನೆಯ ಜಾಗದಿಂದ ಸುತ್ತ 10 ಕಿಲೋಮೀಟರ್ ಗೆರೆ ಹಾಕುತ್ತೇವೆ. ಒಂದು ಋತು, ಅಂದರೆ ಮೂರು ತಿಂಗಳು, ಮಳೆಗಾಲ ಬಿಟ್ಟು, ನೀರು, ಗಾಳಿ, ಸದ್ದು ಅಳೆಯುತ್ತೇವೆ. ಅದಕ್ಕೆ 'ಈಗಿನ ಸ್ಥಿತಿ' ಅಂತ ಹೆಸರು. ಆಮೇಲೆ ಈ ಯೋಜನೆ ಬಂದರೆ ಅದರಲ್ಲಿ ಎಷ್ಟು ವ್ಯತ್ಯಾಸ ಆಗುತ್ತದೆ ಅಂತ ಬರೆಯುತ್ತೇವೆ. ಎಡವಟ್ಟು ಆಗುವುದು ಇಲ್ಲೇ. ಈಗಿನ ಸ್ಥಿತಿ ಅನ್ನುವುದು ಹಿಂದಿನ ಐದು ಯೋಜನೆಗಳು ತಿಂದು ಉಳಿಸಿದ ಸ್ಥಿತಿ. ಹೊಳೆ ಮೊದಲೇ ಅರ್ಧ ಬತ್ತಿದ್ದರೆ, ಆ ಅರ್ಧವನ್ನೇ ಪೂರ್ತಿ ಅಂತ ಹಿಡಿಯುತ್ತೇವೆ. ಅದರಲ್ಲಿ ಹತ್ತನೇ ಒಂದು ಪಾಲು ಹೋದರೆ "ಪರಿಣಾಮ ಕಡಿಮೆ" ಅಂತ ಷರಾ. ಮುಂದಿನ ಯೋಜನೆ ಬಂದಾಗ ಇನ್ನೂ ಕಡಿಮೆಯಾದ ನೀರಿನಿಂದ ಎಣಿಕೆ ಶುರು. ನಾನೇ ಇಂಥ ಸಾಲು ಎಷ್ಟೋ ಬರೆದಿದ್ದೇನೆ. ನೆನೆಸಿಕೊಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಇನ್ನು ಸಣ್ಣದರ ವಿಷಯ. 2006ರ ಪರಿಸರ ಪರಿಣಾಮ ಅಧಿಸೂಚನೆ ಪ್ರಕಾರ 25 ಮೆಗಾವ್ಯಾಟ್‌ಗಿಂತ ಕಡಿಮೆಯ ಜಲವಿದ್ಯುತ್ ಯೋಜನೆಗೆ ಪರಿಸರ ಅನುಮತಿಯೇ ಬೇಕಿಲ್ಲ. ಐದು ಹೆಕ್ಟೇರಿಗಿಂತ ಚಿಕ್ಕ ಕಲ್ಲು, ಮರಳಿನ ಗುತ್ತಿಗೆಗೂ 2012ರಲ್ಲಿ ಸುಪ್ರೀಂ ಕೋರ್ಟ್ ಹೇಳುವ ತನಕ ಬೇಕಿರಲಿಲ್ಲ. ದೊಡ್ಡದನ್ನು ತುಂಡು ಮಾಡಿ ಸಣ್ಣದು ಅಂತ ತೋರಿಸಿದರೆ ಮುಗಿಯಿತು. 2013ರಲ್ಲಿ ಉತ್ತರಾಖಂಡದ ಪ್ರವಾಹ ಆದ ಮೇಲೆ ಸುಪ್ರೀಂ ಕೋರ್ಟೇ, ಅಲ್ಲಿನ ಅಣೆಕಟ್ಟುಗಳೆಲ್ಲದರ ಪರಿಣಾಮ ಒಟ್ಟಿಗೆ ನೋಡಿ ಅಂತ ಹೇಳಬೇಕಾಯಿತು. ಸಾವಿರಾರು ಜನ ಸತ್ತ ಮೇಲೆ.

ರಸ್ತೆ ಬೇಡ ಅಂತ ಯಾರೂ ಹೇಳುತ್ತಿಲ್ಲ ಸಾರ್. ನಲವತ್ತು ಮರ ಅನ್ನುವ ಮುಂಚೆ ಹಿಂದಿನ ಲೆಕ್ಕ ತೆಗೆಯಿರಿ ಅಂತ ಆ ತಾತ ಕೇಳಿದ್ದು, ನಮ್ಮ ಕಚೇರಿಯಲ್ಲಿ ಯಾರೂ ಕೇಳದೇ ಇದ್ದ ಪ್ರಶ್ನೆ.

ಕಬಿನಿ ಮೇಷ್ಟ್ರು

ಹೆಗ್ಗಡದೇವನಕೋಟೆ ಕಡೆ ಮೇಷ್ಟ್ರು ನಾನು. ಆಶ್ರಮ ಶಾಲೆಯಲ್ಲಿ ಪಾಠ ಮಾಡುತ್ತೇನೆ, ಮಕ್ಕಳೆಲ್ಲ ಹೆಚ್ಚಾಗಿ ಜೇನು ಕುರುಬರವು, ಕೆಲವು ಬೆಟ್ಟ ಕುರುಬರವು.

ನಮ್ಮ ಕಡೆಯ ಕಥೆ ಕೇಳಿ. ಕಾಕನಕೋಟೆಯಲ್ಲಿ ಖೆಡ್ಡಾ ನಡೆಯುತ್ತಿತ್ತು, ಕಾಡಾನೆ ಹಿಡಿಯುವುದು. ಕೊನೆಯದು 1971ರಲ್ಲಿ. ಆನೆ ಜಾಡು ಹಿಡಿದು ಅಟ್ಟುತ್ತಿದ್ದವರು ಈ ಮಕ್ಕಳ ಅಜ್ಜಂದಿರು. ಆಮೇಲೆ ಬೀಚನಹಳ್ಳಿಯಲ್ಲಿ ಕಟ್ಟಿದ ಕಬಿನಿ ಅಣೆಕಟ್ಟು 1974ಕ್ಕೆ ಮುಗಿದು ಆ ಕಾಕನಕೋಟೆ ಕಾಡಿನ ದೊಡ್ಡ ಭಾಗ ನೀರಿನಡಿ ಹೋಯಿತು. ಹಾಡಿಗಳು, ಅಂದರೆ ಈ ಜನರ ಕಾಡಿನ ಊರುಗಳು, ಮೇಲಕ್ಕೆ ಸರಿದವು. ಮೇಲೆ ನಾಗರಹೊಳೆ ರಾಷ್ಟ್ರೀಯ ಉದ್ಯಾನ ಆಯಿತು, ಅಲ್ಲಿಂದಲೂ ಹೊರಕ್ಕೆ. ಮುಳುಗಿಸಿದ್ದು ಒಂದು ಇಲಾಖೆ, ಎಬ್ಬಿಸಿದ್ದು ಇನ್ನೊಂದು, ಮನೆ ಕಟ್ಟಿಕೊಡುತ್ತೇವೆ ಅಂದಿದ್ದು ಮತ್ತೊಂದು. ನೀರಾವರಿಯವರಿಗೆ ಕಾಡಿನ ವಿಷಯ ಸಂಬಂಧವಿಲ್ಲ, ಕಾಡಿನವರಿಗೆ ಮುಳುಗಿದ ಊರಿನ ಕಥೆ ಬೇಡ. ಹೈಕೋರ್ಟ್ ಹೇಳಿದ ಮೇಲೆ ಪ್ರೊಫೆಸರ್ ಮುಜಾಫರ್ ಅಸ್ಸಾದಿ ಅವರ ಸಮಿತಿ ಕೂತು 2014ರಲ್ಲಿ ವರದಿ ಕೊಟ್ಟಿತು. ಎತ್ತಂಗಡಿಯಾದ 3,418 ಕುಟುಂಬಗಳಿಗೆ ಪುನರ್ವಸತಿ ಕೊಡಿ ಅಂತ. ಅಷ್ಟು ದೊಡ್ಡ ಲೆಕ್ಕ ಕೈಗೆ ಬಂದಿದ್ದೇ ಅಪರೂಪ. ಮಾಡಿದ್ದು ಎಷ್ಟು ಅಂತ ಹಾಡಿಗೆ ಹೋಗಿ ನೋಡಿ.

ಆಮೇಲೆ ಒಂದು ತಮಾಷೆಯಲ್ಲದ ವಿಷಯ. ಜನರನ್ನು ಎಬ್ಬಿಸಿದ ಅದೇ ಕಾಡಿನೊಳಗೆ ದೊಡ್ಡ ಹೋಟೆಲ್ ಕಟ್ಟಲು ಅನುಮತಿ ಕೊಟ್ಟಿದ್ದರು. ಆದಿವಾಸಿಗಳು ಹೋರಾಡಿ, 1997ರಲ್ಲಿ ಹೈಕೋರ್ಟಿನಲ್ಲಿ ಗೆದ್ದು ನಿಲ್ಲಿಸಿದರು.

ಇದನ್ನೆಲ್ಲ ಕೂಡಿಸಿದ ಲೆಕ್ಕ ಎಲ್ಲಿದೆ ಅಂತ ಕೇಳಿದಿರಿ ಅಲ್ವಾ? ನನ್ನ ಹಾಜರಿ ಪುಸ್ತಕದಲ್ಲಿದೆ. ಜೂನ್‌ನಲ್ಲಿ ಎಲ್ಲ ಹೆಸರಿನ ಮುಂದೆಯೂ ಹಾಜರಿ ಇರುತ್ತದೆ. ಡಿಸೆಂಬರ್ ಬಂತೆಂದರೆ ಕೊಡಗಿನ ಕಾಫಿ ಕೊಯ್ಲು. ಅಪ್ಪ ಅಮ್ಮ ತೋಟದ ಕೂಲಿಗಳ ಲೈನ್ ಮನೆಗೆ ಹೋಗುತ್ತಾರೆ, ಮಕ್ಕಳೂ ಹಿಂದೆ. ಪುಟದ ಮೇಲೆ ಉದ್ದಕ್ಕೆ ಗೈರು, ಗೈರು, ಗೈರು. ಕಾರಣ ಬರೆಯಲು ಒಂದು ಚಿಕ್ಕ ಖಾನೆ ಇದೆ, ಅದರಲ್ಲಿ 'ಕೂಲಿ' ಅಂತಷ್ಟೇ ಬರೆಯಲು ಜಾಗ. ಅಣೆಕಟ್ಟು, ಉದ್ಯಾನ, ಕೈಗೆ ಬಾರದ ಜಮೀನು ಅಂತೆಲ್ಲ ಅದರಲ್ಲಿ ಹಿಡಿಸುವುದಿಲ್ಲ.

ಹುಲಿ ಗಣತಿ ಸ್ವಯಂಸೇವಕ

ಮೇಷ್ಟ್ರೇ, ಪೋಡಿನವನು ಅವರೇ, ನಾನು ಇನ್ನೊಂದು ಕಡೆಯಿಂದ ಬಂದವನು. ಕಾಡಿಗೆ ಕಾವಲು ಇಲ್ಲದೇ ಹೋಗಿದ್ದರೆ ಇವತ್ತು ಹುಲಿಯೂ ಇರುತ್ತಿರಲಿಲ್ಲ, ಕಾಡೂ ಇರುತ್ತಿರಲಿಲ್ಲ. ಬೇಟೆ, ಮರಗಳ್ಳತನ ನಿಂತಿದ್ದು ಕಾನೂನಿನಿಂದಲೇ. ಒಪ್ಪಿ ಹೊರಗೆ ಬರುವ ಕುಟುಂಬಕ್ಕೆ ಕೊಡುವ ಪರಿಹಾರವನ್ನೂ 2021ರಲ್ಲಿ 10 ಲಕ್ಷದಿಂದ 15 ಲಕ್ಷಕ್ಕೆ ಏರಿಸಿದ್ದಾರೆ. ಎಷ್ಟೋ ಜನ ತಾವಾಗಿಯೇ ಆಚೆ ಬಂದು ಮಕ್ಕಳನ್ನು ಓದಿಸಿದ್ದನ್ನೂ ನೋಡಿದ್ದೇನೆ. ಹುಲಿಗೆ ಮಾತು ಬರುವುದಿಲ್ಲ, ಅದರ ಪರವಾಗಿಯೂ ಯಾರಾದರೂ ಮಾತಾಡಬೇಕು ಅಲ್ವಾ?

ಪೋಡಿನವನು

ಅಣ್ಣಾ, ನೀವು ಮುಚ್ಚುಮರೆ ಇಲ್ಲದೆ ಬರೆದಿದ್ದಕ್ಕೆ ಸಂತೋಷ. ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ, ಓದಿ.

ಹುಲಿ ನಮಗೂ ಬೇರೆಯದಲ್ಲ. ಮಾದೇಶ್ವರ ಹುಲಿಯ ಮೇಲೆ ಕೂತು ಬರುವ ದೇವರು, ನಮ್ಮ ಅಜ್ಜಿ ಹುಲಿಯ ಹೆಸರು ಬಾಯಲ್ಲಿ ಹೇಳುವುದಿಲ್ಲ, ದೊಡ್ಡದು ಅನ್ನುತ್ತಾರೆ. ನಾವು ಇಷ್ಟು ತಲೆಮಾರು ಅಲ್ಲೇ ಇದ್ದೆವು, ಹುಲಿಯೂ ಅಲ್ಲೇ ಇತ್ತು. ಇಬ್ಬರೂ ಇದ್ದ ಕಾಡನ್ನೇ ನೋಡಿ ತಾನೇ ಅದನ್ನು ಸಂರಕ್ಷಿತ ಅಂತ ಘೋಷಿಸಿದ್ದು.

ಈಗ ಬೆಂಕಿ ವಿಷಯ. ಚಳಿಗಾಲ ಮುಗಿಯುತ್ತಾ, ಎಲೆ ಉದುರಲು ಶುರುವಾದ ಹೊತ್ತಿಗೆ, ಬೆಳಗಿನ ಇಬ್ಬನಿ ಇನ್ನೂ ಇರುವಾಗ ನಮ್ಮವರು ಅಲ್ಲಲ್ಲಿ ತರಗಿಗೆ ಬೆಂಕಿ ಇಡುತ್ತಿದ್ದರು. ತರಗು ಬೆಂಕಿ ಅಂತ ಹೆಸರು. ಮೊಣಕಾಲು ಎತ್ತರ ಕೂಡ ಏಳದ ಬೆಂಕಿ, ಪಕ್ಕದಲ್ಲೇ ನಡೆದು ಹೋಗಬಹುದು. ನೆಲದ ಕಸ ಸುಟ್ಟು ಹೋಗುತ್ತಿತ್ತು, ಮಳೆ ಬಿದ್ದ ತಕ್ಷಣ ಹುಲ್ಲು ಚಿಗುರುತ್ತಿತ್ತು, ಜಿಂಕೆ ಕಡವೆ ಬರುತ್ತಿದ್ದವು. ಅದು ನಿಂತ ಮೇಲೆ ಲಂಟಾನ ಅನ್ನುವ ಕಳೆಪೊದೆ ಎದ್ದಿತು. ಇದು ಬರೀ ನಮ್ಮ ತಾತನ ಮಾತಲ್ಲ. ಸಂಶೋಧಕರು ಬಿಳಿಗಿರಿ ಕಾಡಿನಲ್ಲಿ ಗುರುತು ಹಾಕಿದ ಜಾಗಗಳನ್ನು 1997ರಲ್ಲಿ ನೋಡಿದಾಗ ನೂರಕ್ಕೆ 41ರಲ್ಲಿ ಲಂಟಾನ ಇತ್ತು, 2008ಕ್ಕೆ 81ರಲ್ಲಿ. ಹನ್ನೊಂದು ವರ್ಷದಲ್ಲಿ! ಈಗ ಹುಲ್ಲು ಬೆಳೆಯುತ್ತಿದ್ದ ಕಡೆ ಆಳೆತ್ತರದ ಪೊದೆ. ಬೇಸಿಗೆಯಲ್ಲಿ ಅದು ಒಣಗಿ ನಿಂತಾಗ ಒಂದು ಕಿಡಿ ಬಿದ್ದರೆ ಮರದ ತುದಿ ತನಕ ಉರಿಯುತ್ತದೆ. ಆ ಬೆಂಕಿ ನೋಡಿ "ಸೋಲಿಗರು ಹಚ್ಚಿದರು" ಅಂತ ಬೈಸಿಕೊಳ್ಳುವುದು ನಾವೇ.

ನೆಲ್ಲಿ ಮರದ್ದೂ ಅದೇ ಕಥೆ. ನೆಲ್ಲಿ ಕೊಂಬೆಯ ಮೇಲೆ ಉಪ್ಪಿಲು ಅಂತ ಒಂದು ಬದನಿಕೆ ಕೂತು ಮರದ ಸತ್ವ ಹೀರುತ್ತದೆ. ಕಾಯಿ ಕೀಳಲು ಹೋದಾಗ ನಮ್ಮವರು ಅದನ್ನೂ ಕಡಿದು ಹಾಕಿ ಬರುತ್ತಿದ್ದರು. 2006ರ ನಂತರ ಕೀಳಲು ಹೋಗುವುದು ನಿಂತಿತು, ಉಪ್ಪಿಲು ಕಡಿಯುವವರೂ ಇಲ್ಲವಾದರು. ಹೋದ ವರ್ಷ ತಾತನ ಜೊತೆ ಅವರ ಚಿಕ್ಕಂದಿನ ನೆಲ್ಲಿ ಮರದ ಹತ್ತಿರ ಹೋಗಿದ್ದೆ. ದೂರದಿಂದ ಹಸಿರಾಗಿ ಕಾಣುತ್ತಿತ್ತು. ಹತ್ತಿರ ಹೋದರೆ ನೆಲ್ಲಿ ಎಲೆಯೇ ಇಲ್ಲ, ಎಲ್ಲ ಉಪ್ಪಿಲಿನ ಎಲೆ. ತಾತ ಕತ್ತಿಯ ಹಿಂಬದಿಯಿಂದ ಕೊಂಬೆ ತಟ್ಟಿದರು. ಒಣ ಸದ್ದು. ಏನೂ ಮಾತಾಡದೆ ಅಲ್ಲೇ ಕೂತು ಎಲೆ ಅಡಿಕೆ ತೆಗೆದರು.

ನೋಡಿ, ಬೆಂಕಿ ನಿಲ್ಲಿಸಿದ್ದು ಒಂದು ಆದೇಶ, ನೆಲ್ಲಿ ನಿಲ್ಲಿಸಿದ್ದು ಇನ್ನೊಂದು, ಪೋಡು ಎಬ್ಬಿಸಿದ್ದು ಮತ್ತೊಂದು. ಮೂರೂ ಸೇರಿದಾಗ ಲಂಟಾನ ಬಂತು, ಮೇವು ಹೋಯಿತು, ಆನೆ ರಾಗಿ ಹೊಲಕ್ಕೆ ಬಂತು, ಹುಡುಗರು ಕೂಲಿಗೆ ಹೋದರು, ಕಾಡು ತಿಳಿದವರು ಕಡಿಮೆಯಾದರು. ಹಾಗಾಗಿ ಬೆಂಕಿ ಹೇಗೆ ಹಾಕಬೇಕು ಅಂತ ಗೊತ್ತಿರುವವರೂ ಈಗ ಬೆರಳೆಣಿಕೆ. ನಾಳೆ ಅನುಮತಿ ಕೊಟ್ಟರೂ ಮಾಡುವವರು ಯಾರು?

ಒಂದು ಒಳ್ಳೆಯದೂ ಹೇಳಬೇಕು. 2011ರ ಅಕ್ಟೋಬರ್‌ನಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ನಮ್ಮಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಹಾಗೆ ಸಿಕ್ಕಿದ್ದು ದೇಶದಲ್ಲೇ ಮೊದಲು ಅಂತ ಆಗ ಪೇಪರಿನಲ್ಲೆಲ್ಲ ಬಂತು. ಆ ಪತ್ರ ತಾತನ ಟ್ರಂಕಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಜೋಪಾನವಾಗಿದೆ.

ಕಾಳಿ ದಂಡೆ

ಉತ್ತರ ಕನ್ನಡದ ಜೊಯಿಡಾದಿಂದ ಬರೆಯುತ್ತಿದ್ದೇನೆ, ನಾವು ಕುಣಬಿ ಸಮುದಾಯದವರು. ಕಾಳಿ ನದಿ ಹುಟ್ಟಿ ಸಮುದ್ರ ಸೇರುವ ತನಕ ಬರೀ 184 ಕಿಲೋಮೀಟರ್. ಅಷ್ಟರಲ್ಲಿ ಸೂಪಾ, ತಟ್ಟಿಹಳ್ಳ, ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು, ಕೈಗಾ ಅಣುಸ್ಥಾವರ, ದಾಂಡೇಲಿಯ ಕಾಗದ ಕಾರ್ಖಾನೆ, ಹಿಂದೆ ಮ್ಯಾಂಗನೀಸ್ ಗಣಿ, 2007ರಿಂದ ಹುಲಿ ಸಂರಕ್ಷಿತ ಪ್ರದೇಶ, ಈಗ ಹೋಮ್‌ಸ್ಟೇ, ರ‍್ಯಾಫ್ಟಿಂಗ್. ಇಷ್ಟು ಚಿಕ್ಕ ನದಿಯ ಬೆನ್ನ ಮೇಲೆ ಎಷ್ಟು ಹೊರೆ ನೋಡಿ. ಕಾರ್ಖಾನೆಗೆ ಬಿದಿರು ಶುರುವಿನಲ್ಲಿ ಟನ್ನಿಗೆ ಒಂದೂವರೆ ರೂಪಾಯಿಗೆ ಕೊಟ್ಟರು ಅಂತ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಬರೆದಿದ್ದಾರೆ. ಬುಟ್ಟಿ ಹೆಣೆಯುವವರಿಗೆ ಯಾರಾದರೂ ಆ ದರಕ್ಕೆ ಕೊಟ್ಟಾರೆಯೇ?

ನಮ್ಮ ತಾಲೂಕಿನ ಹೆಸರೇ ಸೂಪಾ ಅಂತ ಇತ್ತು. ಆ ಊರು ನೀರಿನಡಿ ಹೋಯಿತು, ತಾಲೂಕು ಕಚೇರಿ ಜೊಯಿಡಾಕ್ಕೆ ಬಂತು. ನೀರು ಇಳಿದಾಗ ಸತ್ತ ಮರದ ಬೊಡ್ಡೆಗಳು ಸಾಲಾಗಿ ತಲೆ ಎತ್ತುತ್ತವೆ. ನಮ್ಮ ಆಯಿ ಬಸ್ಸಿನ ಕಿಟಕಿಯಿಂದ ಅದನ್ನು ನೋಡುವುದಿಲ್ಲ, ಮುಖ ತಿರುಗಿಸಿಬಿಡುತ್ತಾಳೆ.

ಇನ್ನೊಂದು ಕಷ್ಟ. ಗೋವಾದಲ್ಲಿ ಕುಣಬಿಗಳು 2003ರಿಂದ ಪರಿಶಿಷ್ಟ ಪಂಗಡ. ಗಡಿ ದಾಟಿ ಇತ್ತ ಬಂದರೆ ಅಲ್ಲ. ಹಾಗಾಗಿ ಅರಣ್ಯ ಹಕ್ಕು ಕೇಳಲು ಹೋದರೆ ನಮಗೆ ಮೂರು ತಲೆಮಾರು, 75 ವರ್ಷದ ದಾಖಲೆ ಕೇಳುತ್ತಾರೆ. ಆ ಮನೆ, ಆ ಗದ್ದೆ, ಆ ದೇವರ ಕಲ್ಲು ಎಲ್ಲ ಮುಳುಗಿ ಹೋಗಿದೆಯಲ್ಲ, ಎಲ್ಲಿಂದ ತರುವುದು? ಮೊದಲನೇ ಯೋಜನೆ ನಮ್ಮ ಗುರುತು ಅಳಿಸಿತು, ಎರಡನೆಯದು ಬಂದು ಗುರುತು ತೋರಿಸು ಅನ್ನುತ್ತಿದೆ.

ವ್ಯಾಂಕೂವರ್ ಕನ್ನಡಿಗ

ಇಷ್ಟು ದಿನ ಸುಮ್ನೆ ಓದುತ್ತಿದ್ದೆ. ಕೂಡಿಸಿ ಲೆಕ್ಕ ಹಾಕಿದ ಒಂದು ಉದಾಹರಣೆ ಇಲ್ಲಿದೆ, ನಿಮಗೆ ಉಪಯೋಗ ಆಗಬಹುದು.

ನಾನಿರುವ ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಈಶಾನ್ಯ ಮೂಲೆಯಲ್ಲಿ ಬ್ಲೂಬೆರಿ ರಿವರ್ ಅನ್ನುವ ಮೂಲನಿವಾಸಿ ಸಮುದಾಯ ಇದೆ. ಅವರ ಹಿರಿಯರು ಸಹಿ ಹಾಕಿದ ಒಪ್ಪಂದ 1899ರದ್ದು, ಎಂಟನೇ ಒಪ್ಪಂದ ಅಂತ ಕರೆಯುತ್ತಾರೆ. ಬೇಟೆ, ಮೀನು, ಬಲೆ ಹಾಕುವ ಬದುಕು ಹಿಂದಿನಂತೆಯೇ ಮುಂದುವರಿಯುತ್ತದೆ ಅಂತ ಸರ್ಕಾರದವರು ಮಾತು ಕೊಟ್ಟಿದ್ದರು. ಆಮೇಲೆ ಗ್ಯಾಸ್ ಬಾವಿ, ಪೈಪು, ಮರ ಕಡಿತ, ರಸ್ತೆ, ಅಣೆಕಟ್ಟು. ಪ್ರತಿಯೊಂದಕ್ಕೂ ಬೇರೆ ಅನುಮತಿ, ಪ್ರತಿ ಸಲವೂ "ಇದೊಂದರಿಂದ ಏನಾಗುತ್ತದೆ" ಅನ್ನುವ ಮಾತು. ಇಲ್ಲೂ ಅದೇ ನೋಡಿ! ಅವರು ಒಂದು ಯೋಜನೆಯ ಮೇಲೆ ಕೇಸು ಹಾಕಲಿಲ್ಲ, ಎಲ್ಲದರ ಮೊತ್ತದ ಮೇಲೆ ಹಾಕಿದರು. ಅವರು ತಮ್ಮದು ಅನ್ನುವ ನೆಲದಲ್ಲಿ ನೂರಕ್ಕೆ 85 ಭಾಗ ಯಾವುದಾದರೊಂದು ಕೈಗಾರಿಕೆಯ ಗಾಯದಿಂದ 250 ಮೀಟರ್ ಒಳಗೇ ಇದೆ ಅಂತ ನಕ್ಷೆ ಹಾಕಿ ತೋರಿಸಿದರು. ಹಿರಿಯರು ಬಂದು ಎಲ್ಲಿ ಮೂಸ್ ಅನ್ನುವ ದೊಡ್ಡ ಜಿಂಕೆ ಸಿಗುತ್ತಿತ್ತು, ಈಗ ಎಲ್ಲಿ ಸಿಗುವುದಿಲ್ಲ ಅಂತ ಸಾಕ್ಷಿ ಹೇಳಿದರು. 2021ರ ಜೂನ್‌ನಲ್ಲಿ ನ್ಯಾಯಾಧೀಶೆ ಎಮಿಲಿ ಬರ್ಕ್, ಒಟ್ಟು ಸೇರಿ ಒಪ್ಪಂದ ಮುರಿದಿದೆ, ಹೀಗೆ ಇನ್ನು ಅನುಮತಿ ಕೊಡುತ್ತಾ ಹೋಗುವಂತಿಲ್ಲ ಅಂತ ತೀರ್ಪು ಕೊಟ್ಟರು. ಪ್ರಾಂತ್ಯದ ಸರ್ಕಾರ ಮೇಲ್ಮನವಿಗೆ ಹೋಗಲಿಲ್ಲ. 2023ರ ಜನವರಿಯಲ್ಲಿ ಒಪ್ಪಂದವಾಗಿ, ನೆಲ ಸರಿಪಡಿಸಲು 200 ಮಿಲಿಯನ್ ಡಾಲರಿನ ನಿಧಿ ಇಡುವುದಾಗಿ ಒಪ್ಪಿತು.

ಇಲ್ಲಿ ಎಲ್ಲ ಸರಿಹೋಯಿತು ಅಂತ ಹೇಳುತ್ತಿಲ್ಲ, ಜಗಳ ಇನ್ನೂ ಇದೆ. ಕೋರ್ಟಿನಲ್ಲಿ ನಿಲ್ಲುವ ಹಾಗೆ ಲೆಕ್ಕ ಹಾಕಬಹುದು ಅನ್ನುವುದು ಮಾತ್ರ ಖಾತ್ರಿ.

ವರದಿ ಬರೆದವಳು

ಇದು ಬಹಳ ಮುಖ್ಯ. ನಮ್ಮಲ್ಲಿ ಅಂಥ ಒಪ್ಪಂದ ಇಲ್ಲ, ಆದರೆ ಗ್ರಾಮಸಭೆ ಇದೆ. 2013ರಲ್ಲಿ ಒಡಿಶಾದ ನಿಯಮಗಿರಿಯಲ್ಲಿ ಗಣಿ ಬೇಕೋ ಬೇಡವೋ ಅಂತ ಗ್ರಾಮಸಭೆಗಳೇ ಹೇಳಲಿ ಎಂದು ಸುಪ್ರೀಂ ಕೋರ್ಟ್ ಬಿಟ್ಟುಕೊಟ್ಟಿತು. 12 ಊರುಗಳಲ್ಲಿ ಸಭೆ ನಡೆಯಿತು, 12ಕ್ಕೆ 12 ಬೇಡ ಅಂದವು. ಅಲ್ಲಿನ ಆದಿವಾಸಿಗಳಾದ ಡೊಂಗ್ರಿಯಾ ಕೊಂಧರಿಗೆ ಆ ಬೆಟ್ಟವೇ ದೇವರು. ಗ್ರಾಮಸಭೆಯ ನಡಾವಳಿ ಪುಸ್ತಕದಲ್ಲಿ ಬರೆದಿದ್ದಕ್ಕೆ ಬೆಲೆ ಇದೆ. ಬರೆಯಬೇಕು ಅಷ್ಟೇ, ಬಾಯಲ್ಲಿ ಹೇಳಿ ಬಂದರೆ ಗಾಳಿಗೆ ಹೋಗುತ್ತದೆ.

ಲೈನ್ ಮನೆ ಮಗಳು

ನಾನು ಹುಟ್ಟಿದ್ದು ಕೊಡಗಿನ ಲೈನ್ ಮನೆಯಲ್ಲಿ. ಅಪ್ಪ ಅಮ್ಮ ನಾಗರಹೊಳೆ ಒಳಗಿನ ಹಾಡಿಯವರು. ಮೇಷ್ಟ್ರು ಬರೆದ ಗೈರು ಹಾಜರಿಯಲ್ಲಿ ನಾನೂ ಒಬ್ಬಳು. ಪರಿಹಾರ ದುಡ್ಡು ಅಂತ ಒಬ್ಬರು ಬರೆದಿದ್ದಾರೆ. ಅಮ್ಮನಿಗೆ ಇವತ್ತಿಗೂ ಹೊಸ ಜಾಗದಲ್ಲಿ ಸೊಪ್ಪು ಯಾವುದು ತಿನ್ನಬಹುದು ಅಂತ ಗೊತ್ತಿಲ್ಲ. ಅಂಗಡಿಯಿಂದ ತರುತ್ತಾಳೆ. 2025ರ ಮೇ ತಿಂಗಳಲ್ಲಿ ಐವತ್ತಕ್ಕೂ ಜಾಸ್ತಿ ಜೇನು ಕುರುಬ ಕುಟುಂಬಗಳು ಕರಡಿಕಲ್ಲು ಹತ್ತಿರದ ತಮ್ಮ ಹಳೇ ಜಾಗಕ್ಕೆ ವಾಪಸು ಹೋದ ಸುದ್ದಿ ಬಂದಾಗ ಅಪ್ಪ ಮೊಬೈಲಿನಲ್ಲಿ ಆ ಫೋಟೋ ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದ. ಜನರನ್ನಲ್ಲ, ಹಿಂದೆ ಇದ್ದ ಮರಗಳನ್ನು.

ಹಳೇ ಇಂಜಿನಿಯರ್

ಎರಡು ದಿನ ಆಯಿತು, ಎಲ್ಲ ಓದಿದೆ. ನಾವು ಅಣೆಕಟ್ಟಿಗೆ ಹೂಳಿನ ಲೆಕ್ಕ ಇಡುತ್ತೇವೆ. ವರ್ಷ ವರ್ಷ ಎಷ್ಟು ಹೂಳು ಕೂತಿತು, ಎಷ್ಟು ನೀರಿನ ಜಾಗ ಹೋಯಿತು ಅಂತ ಅಳೆದು ಬರೆಯುತ್ತೇವೆ. ಒಂದು ವರ್ಷದ ಹೂಳು ಕಣ್ಣಿಗೇ ಕಾಣುವುದಿಲ್ಲ, ಮೂವತ್ತು ವರ್ಷದ್ದು ಅಣೆಕಟ್ಟನ್ನೇ ತಿನ್ನುತ್ತದೆ. ಜನರ ವಿಷಯದಲ್ಲಿ ಅಂಥ ಒಂದು ಲೆಕ್ಕ ಇಟ್ಟಿದ್ದನ್ನು ನನ್ನ ಇಡೀ ಸರ್ವೀಸಿನಲ್ಲಿ ನೋಡಲಿಲ್ಲ, ನಾನೂ ಕೇಳಲಿಲ್ಲ. ಪೋಡಿನವನೇ, ನಿಮ್ಮ ತಾತನಿಗೆ ನನ್ನ ನಮಸ್ಕಾರ ಹೇಳಿ. ನಕ್ಷೆ ಬರೆಯಲು, ಅಳತೆ ಹಾಕಲು ಆಳು ಬೇಕಿದ್ದರೆ ನಾನು ಬರುತ್ತೇನೆ. ಮಂಡಿ ನೋವಿದೆ, ನಿಧಾನ ನಡೆಯುತ್ತೇನೆ.

ಪೋಡಿನವನು

ಬನ್ನಿ ಸಾರ್, ತಾತನೂ ನಿಧಾನವೇ.

ಈ ಭಾನುವಾರ ಶುರು ಮಾಡಿದೆವು. ಇನ್ನೂರು ಪುಟದ ನೋಟ್‌ಬುಕ್ ತಂದೆ. ಎಡಗಡೆ ವರ್ಷ, ಬಲಗಡೆ ಏನಾಯಿತು ಅಂತ ಗೆರೆ ಹಾಕಿದ್ದೆ. ತಾತ ಇಸವಿ ಹೇಳುವುದಿಲ್ಲ. ಬಿದಿರು ಹೂ ಬಿಟ್ಟ ವರ್ಷ, ದೊಡ್ಡ ಬೆಂಕಿಯ ವರ್ಷ, ನಿಮ್ಮಪ್ಪ ಹುಟ್ಟಿದ ವರ್ಷ ಅನ್ನುತ್ತಾರೆ. ಗೆರೆ ಅಳಿಸಿ ಹಾಗೆಯೇ ಬರೆದೆ. ಇಸವಿ ಆಮೇಲೆ ಹೊಂದಿಸಿದರಾಯಿತು.

ಮೊದಲ ಪುಟಕ್ಕೆ ಅಬ್ಬಿಗಳ ಹೆಸರು. ಕಾಡಿನ ನೀರಿನ ಜಾಗಗಳನ್ನು ನಾವು ಅಬ್ಬಿ ಅನ್ನುತ್ತೇವೆ. ತಾತ ಕಣ್ಣು ಮುಚ್ಚಿಕೊಂಡು, ಬೆಟ್ಟ ಹತ್ತುತ್ತಾ ಹೋಗುವವರ ಹಾಗೆ ಒಂದಾದ ಮೇಲೊಂದು ಹದಿನಾಲ್ಕು ಹೆಸರು ಹೇಳಿದರು. ಅದರಲ್ಲಿ ನಾನು ಕೇಳಿದ್ದು ನಾಲ್ಕು. ನನ್ನ ತಂಗಿ ಪಕ್ಕದಲ್ಲೇ ಕೂತಿದ್ದಳು, ಅವಳಿಗೆ ಒಂದು. ಯಾವುದರಲ್ಲಿ ಈಗ ನೀರಿದೆ ಅಂತ ನಡೆದೇ ನೋಡಬೇಕು, ಅಷ್ಟು ಲಂಟಾನ ದಾಟಿ ಹೋಗುವುದು ಹೇಗೆ ಅಂತ ಯೋಚಿಸುತ್ತಿದ್ದೇವೆ.

ರಸ್ತೆ ವಿಷಯದ ಗ್ರಾಮಸಭೆ ಮುಂದಿನ ತಿಂಗಳು. ಅಷ್ಟರೊಳಗೆ ಎಷ್ಟು ಪುಟ ಆಗುತ್ತದೋ ಅಷ್ಟನ್ನು ಜೆರಾಕ್ಸ್ ಮಾಡಿಸಿ ನಡಾವಳಿಗೆ ಲಗತ್ತಿಸುತ್ತೇವೆ.

ಕಬಿನಿ ಮೇಷ್ಟ್ರು

ನನಗೂ ಒಂದು ಪ್ರತಿ ಕಳಿಸಿ. ಹಳೇ ಹಾಜರಿ ಪುಸ್ತಕಗಳು ಶಾಲೆಯ ಬೀರುವಿನಲ್ಲಿವೆ, ಗೆದ್ದಲು ಹಿಡಿಯುವ ಮುಂಚೆ ನಾನೂ ಕೂತು ಎಣಿಸುತ್ತೇನೆ.